ಬಿಳಿ ಕುದುರೆಗೊಂದು ಹಾಸಿಗೆ

ಈ ಚಳಿಗಾಲದಲ್ಲಿ ನಾನು ಹೆದರಿದಷ್ಟು ನನ್ನ ಹೆರಿಗೆಗಳಲ್ಲೂ ಹೆದರಿರಲಿಲ್ಲ. ಈಗ ನೋಡಿದರೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಸೊಸೈಟಿಯ ಪಾರ್ಕಿನಲ್ಲಿ ಬಿಸಿಲು ಕಾಯಿಸಿಕೊಳ್ಳಲು ಬರುವ ಹೆಂಗಸರಿಗೆಲ್ಲ ಹೇಳಿ ಮುಗಿಸಿದ್ದೇನೆ, ಇನ್ನು ಹೇಳಲು ಯಾರೂ ಉಳಿದಿಲ್ಲ. ಅದಕ್ಕೆ ಬರೆಯಲು ಕೂತೆ.

ನಾನಿರುವುದು ಗ್ರೇಟರ್ ನೋಯ್ಡಾದಲ್ಲಿ, ಮಗ ಸೊಸೆಯ ಜೊತೆ. ಅವರಿಗೊಬ್ಬಳೇ ಮಗಳು, ಹದಿಮೂರು ವರ್ಷದವಳು. ಬಿಲ್ಡಿಂಗುಗಳು ಮುಗಿದು ಹೊಲಗಳು ಶುರುವಾಗುವ ಕಡೆ ಒಂದು ಕುದುರೆ ಲಾಯವಿದೆ. ಅಲ್ಲಿ ಇವಳು ಸವಾರಿ ಕಲಿಯುತ್ತಾಳೆ. ದಸರೆ ಕಳೆದ ಮೇಲೆ ಲಾಯದ ಯಜಮಾನ ಒಂದು ಮುದಿ ಹೆಣ್ಣುಗುದುರೆಯ ಆರೈಕೆಯನ್ನು ಇವಳಿಗೆ ಒಪ್ಪಿಸಿದ. ಮೈಯೆಲ್ಲ ಬಿಳಿ. ಮೊದಲು ಮದುವೆ ಮೆರವಣಿಗೆಗಳಲ್ಲಿ ಗಂಡುಗಳನ್ನು ಹೊತ್ತು, ಬ್ಯಾಂಡಿನ ಸದ್ದಿನಲ್ಲಿ, ದೀಪಗಳ ನಡುವೆ ರಾತ್ರಿಯೆಲ್ಲ ನಿಂತೇ ಇರುತ್ತಿದ್ದ ಕುದುರೆಯಂತೆ. ನಮ್ಮ ಹುಡುಗಿಗೆ ಅದರ ಮೇಲೆ ಪ್ರಾಣ. ಶಾಲೆಯಿಂದ ಬಂದವಳು ತಿಂಡಿ ಬಾಯಿಗೆ ತುರುಕಿಕೊಂಡು ಓಡುತ್ತಿದ್ದಳು.

ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ನನಗೆ ಹಸು ಎಮ್ಮೆ ಗೊತ್ತು, ಕುದುರೆ ಎಂದರೆ ಭಯ. ಬಾಗಿಲಿನಿಂದ ದೂರ ಒಂದು ಬಕೆಟ್ ಬೋರಲು ಹಾಕಿ ಕೂತಿದ್ದೆ. ಹುಡುಗಿ ಕುದುರೆಯ ಮುಂಗಾಲಿನ ಹತ್ತಿರ ಬಗ್ಗಿ ಗೊರಸಿನ ಮಣ್ಣು ತೆಗೆಯುತ್ತಿದ್ದಳು. ನೋಡನೋಡುತ್ತಲೇ ಕುದುರೆಯ ಕಣ್ಣು ಮುಚ್ಚಿತು, ತಲೆ ಜೋಲಿತು, ಮಂಡಿ ಮಡಿಸಿಕೊಂಡು ಧಡ್ ಎಂದು ಸಿಮೆಂಟಿನ ನೆಲಕ್ಕೆ ಬಿತ್ತು. ಮಗು ಪಕ್ಕಕ್ಕೆ ಉರುಳಿಕೊಂಡಳು. ಒಂದು ಗೇಣು ಈಚೆಗಿದ್ದಿದ್ದರೆ ಅಷ್ಟು ದೊಡ್ಡ ಮೈ ಅವಳ ಮೇಲೆಯೇ ಬೀಳುತ್ತಿತ್ತು. ನಾನು ಕಿರುಚಿದ ಕಿರುಚಾಟಕ್ಕೆ ಉಳಿದ ಕುದುರೆಗಳೆಲ್ಲ ಕೆನೆದವು.

ಯಜಮಾನ ಓಡಿ ಬಂದ. ಕುದುರೆ ಆಗಲೇ ಎದ್ದು, ಏನೂ ಆಗದ ಹಾಗೆ ನಿಂತಿತ್ತು. ಮಂಡಿ ಸುಲಿದಿತ್ತು. ಹಳೆಯ ಗಾಯದ ಕಲೆಗಳೂ ಕಂಡವು.

"ಇದು ಮೊದಲ ಸಲ ಅಲ್ಲ. ಮಗು ಮೇಲೆ ಬಿದ್ರೆ ಯಾರು ಜವಾಬ್ದಾರಿ? ಇಟ್ಟಿಗೆ ಗೂಡಿನವರು ಕೇಳ್ತಾ ಇದಾರೆ, ಕೊಟ್ಟುಬಿಡ್ತೀನಿ" ಎಂದ ಹಿಂದಿಯಲ್ಲಿ.

ಇಟ್ಟಿಗೆ ಗೂಡಿನಲ್ಲಿ ಕುದುರೆಗಳು ಗಾಡಿ ಎಳೆದು ಎಳೆದು ಸಾಯುವುದನ್ನು ಹುಡುಗಿ ರಸ್ತೆಯಲ್ಲಿ ಹೋಗುವಾಗ ನೋಡಿದ್ದಳು. ಅವಳ ಮುಖ ಬಿಳುಚಿಕೊಂಡಿತು. ಮನೆಗೆ ಬಂದ ಮೇಲೆ ನನ್ನ ಸೊಸೆ, "ಇನ್ನು ಲಾಯ ಬಂದ್. ಇಲ್ಲಾಂದ್ರೆ ಅತ್ತೆ, ನೀವು ದಿನಾ ಜೊತೆಗೆ ಹೋಗಿ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು" ಎಂದಳು. ಹುಡುಗಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಇಲ್ಲ ಎನ್ನುವ ಅಜ್ಜಿ ಎಲ್ಲಾದರೂ ಇದ್ದಾಳೆಯೇ? ಹೂಂ ಎಂದುಬಿಟ್ಟೆ.

ಪಶುವೈದ್ಯೆ ಬಂದು ಕುದುರೆಯನ್ನು ಮುಟ್ಟಿ, ಕುಟ್ಟಿ, ನಡೆಸಿ ನೋಡಿದಳು. "ರೋಗ ಇಲ್ಲ. ನಿದ್ದೆ ಇಲ್ಲ" ಎಂದಳು. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ನಾವೆಲ್ಲ ತಿಳಿದಿದ್ದೇವಲ್ಲ, ಅದು ಬರೀ ತೂಕಡಿಕೆಯಂತೆ. ಗಾಢ ನಿದ್ದೆಗೆ ಅದೂ ನಮ್ಮ ಹಾಗೆ ಮೈ ಚಾಚಿ ಮಲಗಬೇಕಂತೆ. ಕೊರೆಯುವ ಸಿಮೆಂಟಿನ ಮೇಲೆ ಈ ಕುದುರೆ ಮಲಗಲು ಒಲ್ಲದು. ಹಾಗಾಗಿ ನಿಂತಲ್ಲೇ ನಿದ್ದೆ ಹತ್ತಿ ಕುಸಿಯುತ್ತದೆ. "ಒಣಗಿದ್ದು, ಮೆತ್ತಗಿದ್ದು, ಮೊಳಕಾಲುದ್ದ ಹಾಸಿ. ಮಲಗಿದ್ರೆ ಬೀಳೋದು ನಿಲ್ಲುತ್ತೆ" ಎಂದು ಹೇಳಿ ಹೋದಳು.

ಯಜಮಾನ ಸಂಕ್ರಾಂತಿಯ ಹಿಂದಿನ ದಿನ ಬರುವ ಲೋಹ್ರಿ ಹಬ್ಬದವರೆಗೆ ಸಮಯ ಕೊಟ್ಟ. ಅಷ್ಟರಲ್ಲಿ ಕುದುರೆ ಮಲಗಿದರೆ ಉಳಿಯುತ್ತದೆ, ಇಲ್ಲವಾದರೆ ಗೂಡಿಗೆ.

ಹಾಸಿಗೆ ತಾನೇ, ಅದೇನು ಮಹಾ ಎಂದುಕೊಂಡೆ. ಊರಿನಲ್ಲಿ ಕೊಟ್ಟಿಗೆಗೆ ಹುಲ್ಲು ಹಾಸಿಯೇ ನಾನು ಬೆಳೆದವಳು. ಇಲ್ಲಿ ಭತ್ತದ ಹುಲ್ಲಿಗೆ ಪರಾಲಿ ಎನ್ನುತ್ತಾರೆ. ಹೊಲದಲ್ಲಿ ಅದನ್ನು ಸುಟ್ಟ ಹೊಗೆಯಲ್ಲೇ ನಾವು ಪ್ರತಿ ವರ್ಷ ಕೆಮ್ಮುವುದು. ಪಕ್ಕದ ಹಳ್ಳಿಯವರು ಒಂದು ಟ್ರಾಲಿ ತುಂಬ ತಂದು ಸುರಿದರು. ಹುಡುಗಿ, ನಾನು ಸೇರಿ ಹರವಿದೆವು. ಹೊಂಬಣ್ಣದ ಹುಲ್ಲು ಎಷ್ಟು ಚೆನ್ನಾಗಿ ಕಂಡಿತೆಂದರೆ ನನಗೇ ಮಲಗೋಣ ಎನಿಸಿತು.

ಮರುದಿನ ಹೋಗಿ ನೋಡಿದರೆ ನೆಲ ಕಾಣುತ್ತಿತ್ತು. ಕುದುರೆಗಳನ್ನು ನೋಡಿಕೊಳ್ಳುವ ಭಯ್ಯಾ ಹಲ್ಲು ಕಿಸಿದ.

"ಮಾತಾಜೀ, ನೀವು ಹಾಸಿಗೆ ಹಾಸಿದ್ರೋ, ಊಟ ಬಡಿಸಿದ್ರೋ?"

ನಾನೂ ನಕ್ಕೆ. ಹಸು ಹಾಸಿದ್ದನ್ನು ತಿಂದರೇನು, ಮೆಲುಕು ಹಾಕಿ ಅರಗಿಸಿಕೊಳ್ಳುತ್ತದೆ. ಕುದುರೆಗೆ ಮೆಲುಕಿಲ್ಲ, ವಾಂತಿಯೂ ಬರುವುದಿಲ್ಲ. ತಿಂದದ್ದು ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ. ಅದು ನನಗೆ ತಿಳಿದದ್ದು ಮಧ್ಯಾಹ್ನ, ಕುದುರೆ ಬೆವರುತ್ತ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತ, ಕಾಲು ಕೆರೆಯತೊಡಗಿದಾಗ. ಪಶುವೈದ್ಯೆ ಬಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದಳು. ಮಲಗಿ ಹೊರಳದಂತೆ ನಡೆಸುತ್ತಲೇ ಇರಿ ಎಂದಳು. ಮಲಗಲಿ ಎಂದು ಹುಲ್ಲು ಹಾಸಿದವರು ಮಲಗಬೇಡ ಎಂದು ಬೇಡಿಕೊಳ್ಳುತ್ತ ನಡೆಸಿದೆವು. ಹುಡುಗಿ ಹಗ್ಗ ಹಿಡಿದು ಮುಂದೆ, ನಾನು ದೂರದಲ್ಲಿ ರಾಮ ರಾಮ ಎನ್ನುತ್ತ ಹಿಂದೆ.

"ಅಜ್ಜಿ, ರೋನಾ ಮತ್. ನೀನು ಅತ್ರೆ ಅವಳಿಗೂ ಡರ್ ಆಗುತ್ತೆ" ಎಂದಳು ಹುಡುಗಿ. ಅವಳ ಮೂಗಿನಿಂದಲೇ ನೀರಿಳಿಯುತ್ತಿತ್ತು.

ಹೊತ್ತು ಮುಳುಗುವಾಗ ಕುದುರೆ ಬಾಲ ಎತ್ತಿ ಲದ್ದಿ ಹಾಕಿತು. ಭಯ್ಯಾ ಚಪ್ಪಾಳೆ ತಟ್ಟಿದ. ಲದ್ದಿ ನೋಡಿ ಕೈ ಮುಗಿದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ತಿನ್ನಲಾಗದ್ದು ಬೇಕು ಎಂದು ಆಮೇಲೆ ಗರಗಸದ ಮಿಲ್ಲಿನಿಂದ ಮರದ ಪುಡಿ ತರಿಸಿದೆವು. ಮೆತ್ತಗೇನೋ ಇತ್ತು. ಆದರೆ ಕುದುರೆ ಒಂದು ಹೆಜ್ಜೆ ಇಟ್ಟರೆ ಸಾಕು, ಹಿಟ್ಟಿನ ಗಿರಣಿಯ ಹಾಗೆ ಧೂಳೇಳುತ್ತಿತ್ತು. ಮೊದಲೇ ಇಲ್ಲಿನ ಗಾಳಿ ಕುತ್ತಿಗೆ ಹಿಸುಕುವಂಥದ್ದು. ಕುದುರೆ ಕೆಮ್ಮಿತು, ಹುಡುಗಿ ಕೆಮ್ಮಿದಳು, ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೂತೆ. ಅದನ್ನೂ ಬಾಚಿ ಹೊರಗೆ ಹಾಕಿದೆವು.

ಆ ವಾರವೇ ಇಟ್ಟಿಗೆ ಗೂಡಿನವನು ಬಂದ. ಕುದುರೆಯ ತುಟಿ ಎತ್ತಿ ಹಲ್ಲು ನೋಡಿದ, ಬೆನ್ನು ಒತ್ತಿದ, ಆಗಬಹುದು ಎಂದು ಯಜಮಾನನಿಗೆ ತಲೆ ಆಡಿಸಿ ಹೋದ. ಮನೆಗೆ ಬಂದ ಹುಡುಗಿ ಊಟ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ ಅವಳ ಬೆನ್ನು ಸವರುತ್ತ ನಾನು ಕುದುರೆಗಿಂತ ಇವಳಿಗಾಗಿಯೇ ಹೆಚ್ಚು ಹೆದರಿದೆ. ಇಷ್ಟೊಂದು ಹಚ್ಚಿಕೊಂಡ ಜೀವ ಹೋದರೆ ಮಗು ಹೇಗೆ ತಡೆದೀತು?

ಬಡಗಿಗಳು ಮರ ನಯ ಮಾಡುವಾಗ ಸುರುಳಿ ಸುರುಳಿಯಾಗಿ ಉದುರುವ ಮರದ ಸಿಪ್ಪೆ ಹಾಸಿ ನೋಡಿ ಎಂದು ಪಶುವೈದ್ಯೆ ಫೋನಿನಲ್ಲಿ ಹೇಳಿದಳು. ತಿನ್ನುವುದಿಲ್ಲ, ಧೂಳು ಕಡಿಮೆ, ತೇವ ಹೀರುತ್ತದೆ. ಆದರೆ ಪ್ಲೈವುಡ್ಡಿನದು ಬೇಡ, ಪಾಲಿಶ್ ಹಚ್ಚಿದ್ದು ಬೇಡ, ಪೈನ್ ಮರದ್ದೇ ಆಗಬೇಕು. ನನ್ನ ಮಗ ಆಫೀಸಿನಿಂದ ಬರುವ ದಾರಿಯಲ್ಲಿ ನೋಯ್ಡಾದ ಒಂದು ಕಾರ್ಖಾನೆಯನ್ನು ಹುಡುಕಿದ. ಅಲ್ಲಿ ಮಿಷನ್ನು ಕಳಿಸಲು ಪೈನ್ ಮರದ ಪೆಟ್ಟಿಗೆ ಮಾಡುತ್ತಾರೆ. ಕಾರಿನ ಡಿಕ್ಕಿ ತುಂಬ ಚೀಲ ತಂದ. "ನಮ್ಮ ಕಾರೇ ಲಾಯದ ವಾಸನೆ ಹೊಡೀತಿದೆ" ಎಂದು ಸೊಸೆ ಗೊಣಗಿದಳು, ಹಾಗೆಂದುಕೊಂಡೇ ಚೀಲ ಇಳಿಸಲು ಕೈ ಹಾಕಿದಳು.

ಪೆಟ್ಟಿಗೆ ಎಂದ ಮೇಲೆ ಮೊಳೆ ಇರುವುದಿಲ್ಲವೇ? ಮೊಳೆ ಚುಚ್ಚಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಲಾಯದ ಅಂಗಳದಲ್ಲಿ ಚಾಪೆ ಹಾಸಿ, ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಅಷ್ಟನ್ನೂ ಆರಿಸಿದೆ. ಹುಡುಗಿ ಹಿಂದೆಯೇ ಅಯಸ್ಕಾಂತ ಆಡಿಸುತ್ತಿದ್ದಳು. ಮೊಳೆ ಸಿಕ್ಕಲಿಲ್ಲ, ಸ್ಟೇಪ್ಲರಿನ ಪಿನ್ನುಗಳು ಸಿಕ್ಕವು. ಒಂದೊಂದು ಸಿಕ್ಕಾಗಲೂ, ಇನ್ನೊಂದು ಒಳಗೇ ಉಳಿದಿದ್ದರೆ ಎಂದು ಮತ್ತೆ ಮೊದಲಿನಿಂದ ಆರಿಸುತ್ತಿದ್ದೆ. "ಅಚ್ಛಾ ಮಾತಾಜೀ, ಕುದುರೆಗೆ ಪಲಾವ್ ಮಾಡ್ತೀರಾ?" ಎಂದ ಭಯ್ಯಾ. ನಾನು ತಲೆ ಎತ್ತಲಿಲ್ಲ, ಕಣ್ಣು ತೆಗೆದರೆ ಪಿನ್ನು ತಪ್ಪಿಹೋದೀತು.

ಮೊಳಕಾಲುದ್ದ ಹಾಸಿ ಗೋಡೆಯ ಬದಿಗೆ ಇನ್ನಷ್ಟು ಏರಿಸಿದೆವು. ಕುದುರೆ ಮೂಸಿತು, ಕಾಲಿನಿಂದ ಕೆದಕಿತು, ಮೂಲೆಯಲ್ಲಿ ನಿಂತಿತು. ಮರುದಿನವೂ ನಿಂತೇ ಇತ್ತು, ಅದರ ಮರುದಿನವೂ. ಶಾಲೆಗೆ ಚಳಿಗಾಲದ ರಜೆ ಬಂದಿತ್ತು. ಬೆಳಗ್ಗೆ ಹೋದ ತಕ್ಷಣ ಹುಡುಗಿ ಅದರ ಬಾಲದಲ್ಲಿ, ಪಕ್ಕೆಯಲ್ಲಿ ಸಿಪ್ಪೆ ಅಂಟಿದೆಯೇ ಎಂದು ಹುಡುಕುತ್ತಿದ್ದಳು. ಒಂದು ಚೂರೂ ಇರುತ್ತಿರಲಿಲ್ಲ. ಲೋಹ್ರಿಯ ಬೆಂಕಿಗೆಂದು ಊರವರು ಕಟ್ಟಿಗೆ ಒಟ್ಟತೊಡಗಿದ್ದರು. ಆ ರಾಶಿ ಕಂಡರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಹಬ್ಬದ ಹಿಂದಿನ ದಿನ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ನಮ್ಮ ಆಟೋದವನು ತಲೆ ಹೊರಗೆ ಹಾಕಿ ಓಡಿಸಿದ. ಲಾಯದಲ್ಲಿ ಉಳಿದ ಎಲ್ಲ ಕುದುರೆಗಳ ತಲೆಗಳೂ ಅರ್ಧ ಬಾಗಿಲ ಮೇಲೆ ಕಂಡವು. ಬಿಳಿ ಕುದುರೆಯ ಬಾಗಿಲ ಮೇಲೆ ಏನೂ ಇಲ್ಲ. ಕರೆದುಕೊಂಡು ಹೋಗಿಬಿಟ್ಟರು ಎಂದುಕೊಂಡೆ. ಹುಡುಗಿ ಕೈ ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ, ನಾನೇ ಮೊದಲು ಬಗ್ಗಿ ನೋಡಿದೆ. ಕುದುರೆ ನಾಲ್ಕೂ ಕಾಲು ಚಾಚಿ ಬಿದ್ದಿತ್ತು. ಕತ್ತು ನೆಲಕ್ಕೆ ಅಂಟಿತ್ತು, ಕೆಳದುಟಿ ಜೋತಿತ್ತು, ಕಣ್ಣು ಅರ್ಧ ತೆರೆದು ಬೆಳ್ಳಗೆ ಕಾಣುತ್ತಿತ್ತು. ಸತ್ತ ದನಗಳನ್ನು ನಾನು ನೋಡಿದ್ದೇನೆ, ಹೀಗೆಯೇ ಇರುತ್ತವೆ.

ಮಗುವಿನ ಕಣ್ಣು ಮುಚ್ಚಲು ಹೋದೆ. ಅವಳು ನನ್ನ ಕಂಕುಳ ಕೆಳಗಿನಿಂದ ತಲೆ ತೂರಿಸಿ ನೋಡಿಯೇಬಿಟ್ಟಳು.

ಆಗ ಒಳಗಿನಿಂದ ಗೊರ್ ಎಂದು ಸದ್ದು ಬಂತು. ಮತ್ತೊಮ್ಮೆ ಗೊರ್. ನಮ್ಮ ಮನೆಯವರು ಬದುಕಿದ್ದಾಗ ಹೊಡೆಯುತ್ತಿದ್ದರಲ್ಲ, ಅಂಥದ್ದೇ ಗೊರಕೆ. ಕುದುರೆಯ ಹಿಂಗಾಲು ಕನಸಿನಲ್ಲಿ ಓಡುವಂತೆ ಸಣ್ಣಗೆ ಅದುರಿತು. ಮೂಗಿನ ಮುಂದಿದ್ದ ಸಿಪ್ಪೆಯ ಸುರುಳಿ ಉಸಿರಿಗೆ ಮುಂದಕ್ಕೂ ಹಿಂದಕ್ಕೂ ಆಡುತ್ತಿತ್ತು. ಹುಡುಗಿ ನನ್ನ ಸೊಂಟ ತಬ್ಬಿಕೊಂಡಳು. ನಾನು ಸೆರಗು ಬಾಯಿಗೆ ತುರುಕಿಕೊಂಡೆ, ಅತ್ತೆನೋ ನಕ್ಕೆನೋ ನನಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಯಜಮಾನ ಫೋನಿನಲ್ಲಿ ಜೋರಾಗಿ ಮಾತಾಡುತ್ತ ಬಂದ. ಯಾವಾಗಲೂ ಸರ್ ಸರ್ ಎನ್ನುವ ನಮ್ಮ ಹುಡುಗಿ ತಿರುಗಿ, "ಚುಪ್!" ಎಂದು ಗದರಿದಳು. ಅವನು ಬೆಪ್ಪಾಗಿ ಬಾಯಿ ಮುಚ್ಚಿದ. ಬಾಗಿಲಲ್ಲಿ ಇಣುಕಿದವನ ಮುಖವೂ ಒಮ್ಮೆ ಕಪ್ಪಿಟ್ಟಿತು.

"ಉಸಿರಾಡ್ತಾ ಇದೆ ತಾನೆ?" ಎಂದ ಪಿಸುದನಿಯಲ್ಲಿ.

"ಸೋ ರಹೀ ಹೈ" ಎಂದಳು ಹುಡುಗಿ. ನಿದ್ದೆ ಮಾಡುತ್ತಿದ್ದಾಳೆ.

ಅವನು ಫೋನನ್ನು ಕಿವಿಗೆ ಒತ್ತಿಕೊಂಡು, ಎರಡು ಹೆಜ್ಜೆ ಆಚೆ ಹೋಗಿ, "ಇಲ್ಲ ಭಾಯ್, ನಾಳೆ ಗಾಡಿ ತರಬೇಡ. ಇದನ್ನ ಕೊಡಲ್ಲ" ಎಂದ. ಭಯ್ಯಾ ಮೇವಿನ ಬಕೆಟ್ಟುಗಳನ್ನು ಕುಲುಕಿಸುತ್ತ ಬರುತ್ತಿದ್ದ. ಯಜಮಾನ ಕೈ ಎತ್ತಿ ಅವನನ್ನು ಅಲ್ಲೇ ತಡೆದ.

ಉಳಿದ ಕುದುರೆಗಳು ಹಸಿವಿಗೆ ಬಾಗಿಲು ಒದೆಯುತ್ತಿದ್ದವು. ಇದು ಮಾತ್ರ ಗೊರಕೆ ಹೊಡೆಯುತ್ತಲೇ ಇತ್ತು. ಆ ದಿನ ಲಾಯದಲ್ಲಿ ಎಲ್ಲರಿಗೂ ಮೇವು ತಡವಾಯಿತು.