ಹನ್ನೊಂದು ಕಪ್ಪು ಕಾಳು

ಮನುಷ್ಯ ಅಲೆಮಾರಿತನ ಬಿಟ್ಟು ಬಿತ್ತನೆಗೆ ಕೈಹಾಕಿದ ಕಾಲವನ್ನು ಅರಸುವ ವಿದ್ವಾಂಸರಲ್ಲಿ ಹೆಚ್ಚಿನವರು ಕೋಟೆ, ಗೋರಿ, ಮುದ್ರೆ, ಮಡಕೆಗಳ ಬೆನ್ನು ಹತ್ತಿದರೆ, ಡಾ. ಮುರಳೀಧರ ಅವರು ಮೂವತ್ತೆರಡು ವರ್ಷ ಒಲೆಯ ಬೂದಿಯ ಬೆನ್ನು ಹತ್ತಿದರು. ಯೂಫ್ರಟೀಸ್ ದಂಡೆಯಲ್ಲಾಗಲಿ, ನೈಲ್ ದಂಡೆಯಲ್ಲಾಗಲಿ, ಸಿಂಧೂ ಬಯಲಿನಲ್ಲಾಗಲಿ, ಸಾವಿರಾರು ವರ್ಷಗಳ ಹಿಂದೆ ಯಾರೋ ಒಬ್ಬ ತಾಯಿ ಮೈಮರೆತು ಸೀಸಿದ ಹಿಡಿ ಕಾಳು ಇಂದು ಕೈಗೆ ಸಿಕ್ಕರೆ ಸಾಕು, ಆಕೆಯ ಊರು ಏನು ಬೆಳೆಯಿತು, ಏನು ಉಂಡಿತು, ಕಷ್ಟಕಾಲಕ್ಕೆ ಏನು ಎತ್ತಿಟ್ಟಿತು ಎಂಬುದನ್ನು ಅವರು ಹೇಳಬಲ್ಲರು. ಹದವಾಗಿ ಬೆಂದದ್ದು ಉಳಿಯುವುದಿಲ್ಲ, ಸೀದು ಕರಿಯಾದದ್ದು ಉಳಿಯುತ್ತದೆ. ಹಾಗಾಗಿ ತಮ್ಮ ಶಾಸ್ತ್ರವೆಲ್ಲ ನಿಂತಿರುವುದು ಅಡುಗೆಮನೆಯ ತಪ್ಪುಗಳ ಮೇಲೆ ಎಂದು ಅವರೇ ನಗುತ್ತ ಹೇಳುತ್ತಿದ್ದರು. ಆ ನಗುವಿನ ಸರದಿ ಒಂದು ದಿನ ತಮಗೇ ಬರುತ್ತದೆ ಎಂದು ಅವರಿಗೆ ಆಗ ಗೊತ್ತಿರಲಿಲ್ಲ. ಈ ವರ್ಷ, ೨೦೦೬ರ ಮೇ ತಿಂಗಳಲ್ಲಿ, ಅವರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ನೆನೆಯಬೇಕಾದ ಸಂಗತಿಗಳು ನೂರಿದ್ದರೂ, ಆ ಒಂದು ಸಂಗತಿಯನ್ನು ಬಿಟ್ಟು ಬರೆದರೆ ಅವರೇ ಒಪ್ಪಲಿಕ್ಕಿಲ್ಲ.

ಮಾಗಡಿ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಸ್ಯಶಾಸ್ತ್ರ ಓದಿ, ೧೯೭೪ರಲ್ಲಿ ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ ಬಂದ ಮುರಳೀಧರ ಅವರಿಗೆ ಅಲ್ಲಿ ದೊರೆತದ್ದು ಕಿಟಕಿಯಿಲ್ಲದ ಒಂದು ನೆಲಮಾಳಿಗೆ, ಒಂದು ಹಳೆಯ ಮೈಕ್ರೋಸ್ಕೋಪು ಮತ್ತು ಯಾರೂ ಬಿಚ್ಚದೆ ಬಿಟ್ಟಿದ್ದ ನಾನೂರು ಚಿಲ್ಲರೆ ಬೂದಿಚೀಲಗಳು. ಆಗ ಟೆಕ್ಸಸ್ಸಿನಲ್ಲಿ ರಾಗಿ ಹಿಟ್ಟು ಸಿಗುವುದು ಕನಸಿನ ಮಾತು. ಊರಿಗೆ ಹೋಗಿ ಬಂದಾಗ ಪತ್ನಿ ಪ್ರೇಮಾ ಅವರು ತರುತ್ತಿದ್ದ ಹಿಟ್ಟು ಹಬ್ಬ ಹರಿದಿನಕ್ಕೆ ಮಾತ್ರ; ಅದು ಮುಗಿದ ಮೇಲೂ ಖಾಲಿ ಡಬ್ಬದ ಮುಚ್ಚಳ ತೆಗೆದು ವಾಸನೆ ನೋಡುತ್ತಿದ್ದರಂತೆ ನಮ್ಮ ವಿದ್ವಾಂಸರು. ಹೀಗಿರುವಾಗ ೧೯೮೧ರಲ್ಲಿ, ಗುಜರಾತಿನ ಹರಪ್ಪಾ ಕಾಲದ ದಿಬ್ಬವೊಂದರಿಂದ ಬಂದ ಚೀಲದಲ್ಲಿ ಹನ್ನೊಂದು ದುಂಡನೆಯ ಕಪ್ಪು ಕಾಳು ಸಿಕ್ಕವು. ಅವು ರಾಗಿ ಎಂದರು ಮುರಳೀಧರ. ಆಫ್ರಿಕಾದ ರಾಗಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಕಡಲು ದಾಟಿ ಹರಪ್ಪದವರ ಒಲೆ ಸೇರಿತ್ತು ಎಂದು ಸಾರಿದ ಆ ಪ್ರಬಂಧ ಅವರಿಗೆ ಹೆಸರನ್ನೂ ಕಾಯಂ ಕೆಲಸವನ್ನೂ ತಂದುಕೊಟ್ಟಿತು.

ನಮ್ಮ ಕನ್ನಡ ಸಂಘಗಳಿಗೆ ಅವರ ಸಂಪರ್ಕ ಒದಗಿದ್ದು ೧೯೯೮ರಲ್ಲಿ. ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನ ಕಂಪನಿಗಳಿಗೆ ಬೆಂಗಳೂರು, ಮೈಸೂರುಗಳಿಂದ ತಂಡತಂಡವಾಗಿ ಬಂದಿಳಿದಿದ್ದ ನಮ್ಮವರು ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಏನಾಗುವವೋ ಎಂದು ತಲೆ ಕೆಡಿಸಿಕೊಂಡಿದ್ದ ದಿನಗಳವು. ಅಂಥ ಒಂದು ಶನಿವಾರ ಡಾಲಸ್ಸಿಗೆ ಬಂದು, ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು, ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಜವೆಗೋಧಿಯ ಕಾಳಿಟ್ಟು, "ಇದನ್ನ ತಿಂದ್ಬಿಟ್ರೆ ಇವತ್ತಿನ ಹಸಿವು ಹೋಗುತ್ತೆ. ತಿನ್ನದೆ ಎತ್ತಿಟ್ರೆ ಊರೇ ಹುಟ್ಟುತ್ತೆ. ಏನ್ ಮಾಡ್ತೀರಾ?" ಎಂದು ಕೇಳಿದವರು ಅವರು. ಅಂದಿನಿಂದ ಎರಡು ತಿಂಗಳಿಗೊಮ್ಮೆ ಡಾಲಸ್, ಮಧ್ಯೆ ಒಮ್ಮೆ ಹ್ಯೂಸ್ಟನ್ ಎಂಬುದು ರೂಢಿಯಾಯಿತು. ಅವರ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಮೈಕ್ರೋಸ್ಕೋಪು ಕೂತಿರುತ್ತಿತ್ತು, ಪ್ರೇಮಾ ಅವರಿಗೆ ಹಿಂದಿನ ಸೀಟು. ಈ ಅನ್ಯಾಯವನ್ನು ಅವರು ಎಂಟು ವರ್ಷ ಸಹಿಸಿದ್ದಕ್ಕೆ, ಮೇಷ್ಟ್ರಿಗೆಂದು ತರುತ್ತಿರುವ ಈ ಸಂಪುಟದಲ್ಲಿ ಅವರಿಗೂ ಒಂದು ಅಭಿನಂದನೆ ಸಲ್ಲಬೇಕು.

ಅವರು ತಂದ ಜವೆಗೋಧಿಯಲ್ಲಿ ಒಂದು ಹಿಡಿಯಷ್ಟು ಡಾಲಸ್ ಬಳಿಯ ಮರ್ಫಿ ಊರಿನ ಹರ್ಷಿಣಿ ಅವರ ಮನೆ ಸೇರಿತು. ಅವರ ಮಗಳು ಸಿಯಾ ಅದನ್ನು ಅಕ್ಟೋಬರಿನಲ್ಲಿ ಮನೆಯ ಮುಂದಿನ ಹುಲ್ಲುಹಾಸಿನ ಅಂಚಿನಲ್ಲಿ ಬಿತ್ತಿದಳು. ಏಪ್ರಿಲ್ ಹೊತ್ತಿಗೆ ಪೈರು ಸೊಂಟದೆತ್ತರ ಬೆಳೆದು ತೆನೆ ಹಾಕಿತು. ಜೊತೆಗೆ ಕಳೆ ಕೀಳಿಸಿರೆಂದು ಬಡಾವಣೆಯ ಮನೆಯೊಡೆಯರ ಸಂಘದಿಂದ ನೋಟಿಸೂ ಬಂತು. ಹುಡುಗಿ ಅತ್ತಳು. ಸುದ್ದಿ ತಿಳಿದ ಮುರಳೀಧರ ಅವರು, ಸದರಿ ಸಸ್ಯ ಕಳೆಯಲ್ಲವೆಂದೂ, ಸುಮೇರಿನ ಮೊದಲ ಪಟ್ಟಣಗಳಲ್ಲಿ ಕೂಲಿಯಾಳುಗಳಿಗೆ ಸಂಬಳವಾಗಿ ಅಳೆದುಕೊಟ್ಟ ಧಾನ್ಯವೆಂದೂ, ಸಂಘಗಳು ಮತ್ತು ಅವುಗಳ ನೋಟಿಸುಗಳು ಲೋಕದಲ್ಲಿ ಹುಟ್ಟಲು ಇದೇ ಕಾರಣವೆಂದೂ ವಿಶ್ವವಿದ್ಯಾಲಯದ ಕಾಗದದಲ್ಲಿ ಎರಡು ಪುಟ ಬರೆದು ಕಳಿಸಿದರು. ಕೊಯ್ಲಿನವರೆಗೆ ವಿನಾಯಿತಿ ಸಿಕ್ಕಿತು. ಕೊಯ್ಲಿನ ದಿನ ಕಾಗದ ಕತ್ತರಿಸುವ ಕತ್ತರಿ ಹಿಡಿದು ಅವರೂ ಬಂದು ಬಗ್ಗಿ ನಿಂತಿದ್ದನ್ನು ಮರ್ಫಿಯವರು ಇಂದಿಗೂ ನೆನೆಯುತ್ತಾರೆ.

ಅವರ ಪ್ರತಿ ಉಪನ್ಯಾಸವೂ ಕೊನೆಯಾಗುತ್ತಿದ್ದದ್ದು ಆ ಹನ್ನೊಂದು ಕಾಳಿನ ಚಿತ್ರದಿಂದ. "ನಮ್ ರಾಗಿ!" ಎಂದು ಅವರೆಂದರೆ ಸಭೆಯೆಲ್ಲ ಚಪ್ಪಾಳೆ. ಹರಪ್ಪದವರು ಮುದ್ದೆ ತಿನ್ನುತ್ತಿದ್ದರೇ ಇಲ್ಲವೇ ಎಂದು ಊಟದ ಸಾಲಿನಲ್ಲಿ ವಾದ. ಮೇಷ್ಟ್ರು ಎಂದರೆ ರಾಗಿ, ರಾಗಿ ಎಂದರೆ ಮೇಷ್ಟ್ರು ಎಂಬಂತಾಯಿತು. ೨೦೦೩ರ ರಾಜ್ಯೋತ್ಸವಕ್ಕೆ ಹ್ಯೂಸ್ಟನ್ನಿನಲ್ಲಿ ಅವರಿಗೆ 'ರಾಗಿ ಋಷಿ' ಎಂಬ ಬಿರುದು ಕೊಡುವುದೆಂದು ಸಮಿತಿ ತೀರ್ಮಾನಿಸಿ, ಬೆಳ್ಳಿ ಫಲಕ ಮಾಡಿಸಲು ಕೊಟ್ಟಿತು.

ಆ ಬೇಸಿಗೆಯಲ್ಲಿ ಅವರ ಬಳಿ ಸಂಶೋಧನೆ ಮಾಡುತ್ತಿದ್ದವಳು ಜ್ಯೋತ್ಸ್ನಾ. ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ ಬೆಳೆದ ಹುಡುಗಿ. ಮನೆಯವರು ಗದಗಿನ ಕಡೆಯವರು. ಮೊದಲ ವರ್ಷ ಕಾಳು ಗುರುತಿಸಲು ಬಾರದೆ ಆಕೆ ಓದು ಬಿಡುತ್ತೇನೆಂದಾಗ, ನಾಲ್ಕು ತಿಂಗಳು ದಿನಕ್ಕೊಂದು ಗಂಟೆ ಪಕ್ಕದಲ್ಲಿ ಕೂತು, ಕಣ್ಣಿಗಿಂತ ಮೊದಲು ತೀರ್ಮಾನ ಓಡಬಾರದೆಂದು ಕಲಿಸಿದವರು ಮುರಳೀಧರ ಅವರೇ. ರಜೆಗೆ ಮನೆಗೆ ಹೋದ ಜ್ಯೋತ್ಸ್ನಾ, ಊರಿನಿಂದ ಬಂದಿದ್ದ ಅಜ್ಜಿ ಗುರವ್ವ ಉಂಡೆ ಕಟ್ಟಲೆಂದು ನವಣಕ್ಕಿ ಹುರಿದು ಸೀಸಿಬಿಟ್ಟಿದ್ದ ಬಾಣಲೆಯನ್ನು ತೊಳೆಯಲು ಕೈಗೆತ್ತಿಕೊಂಡವಳು, ತೊಳೆಯದೆ ಹಾಗೇ ನಿಂತಳು. ತಳದಲ್ಲಿ ದುಂಡಗೆ ಉಬ್ಬಿದ ಕಪ್ಪು ಕಾಳುಗಳು. ಅವನ್ನು ಅವಳು ತನ್ನ ಗುರುಗಳ ತೆರೆಯ ಮೇಲೆ ನೋಡಿದ್ದಳು.

ಒಂದು ವಾರ ಹಿಂದುಮುಂದು ನೋಡಿ, ಕೊನೆಗೆ ಧೈರ್ಯ ಮಾಡಿ ಅವಳು ನೆಲಮಾಳಿಗೆಗೆ ಹೋಗಿ ಹೇಳಿದಳು: "ಸರ್, ಐ ಆಮ್ ಸಾರಿ. ಆ ಹನ್ನೊಂದು ಕಾಳು ರಾಗಿ ಅಲ್ಲ ಅನಸ್ತದ. ನವಣಿ ಇರಬೇಕು."

ಮುರಳೀಧರ ಅವರು ಎಂದೂ ದನಿ ಏರಿಸಿದವರಲ್ಲ. ಅಂದು ಏರಿಸಿದರು. "ನಾನು ರಾಗಿ ತಿಂದು ಬೆಳೆದವನಮ್ಮ. ನನಗೆ ರಾಗಿ ಗೊತ್ತಾಗಲ್ವಾ? ನೀನು ಅಕ್ಷರ ಕಲಿಯೋಕ್ ಮುಂಚೆ ನೋಡಿದ್ದೀನಿ ನಾನು ಅದನ್ನ!" ಎಂದು, ಬಾಗಿಲು ತೋರಿಸದಿದ್ದರೂ ತೋರಿಸಿದಂತೆಯೇ ಮುಖ ತಿರುಗಿಸಿದರು. ಆಮೇಲೆ ಮೂರು ದಿನ ಅವರಿಗೆ ಊಟ ಸೇರಲಿಲ್ಲ. ಇಪ್ಪತ್ತೆರಡು ವರ್ಷ ಯಾವುದರ ಮೇಲೆ ನಿಂತಿದ್ದರೋ ಅದೇ ಜಾರಿದರೆ, ಅರವತ್ತು ದಾಟಿದ ಮೇಲೆ ಹೊಸದಾಗಿ ನಿಲ್ಲುವುದೆಲ್ಲಿ? ಆದರೆ ಹುಡುಗಿಯ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ನಾಲ್ಕನೆಯ ದಿನ ಆ ಹನ್ನೊಂದು ಕಾಳಿನ ಗಾಜಿನ ಶೀಶೆಯನ್ನು ಜೇಬಿನಲ್ಲಿಟ್ಟುಕೊಂಡು, ಮೈಕ್ರೋಸ್ಕೋಪಿಗೆ ಬೆಲ್ಟು ಕಟ್ಟಿ, ಪ್ರೇಮಾ ಅವರೊಡನೆ ಕೇಟಿಗೆ ಹೊರಟರು. ಅಜ್ಜಿಯ ನವಣೆ ಬೇರೆ, ತಮ್ಮ ರಾಗಿ ಬೇರೆ ಎಂದು ಅಲ್ಲಿಯೇ ತೋರಿಸಿ ಬರುವುದು ಅವರ ಉದ್ದೇಶವಾಗಿತ್ತು.

ಗುರವ್ವ ಮೇಷ್ಟ್ರನ್ನು ಊಟದ ಮೇಜಿನ ಮುಂದೆ ಕೂರಿಸಿ, ಅಂಗೈಯಲ್ಲಿ ನಾಲ್ಕು ಸೀದ ಕಾಳು ಹಿಡಿದು, "ಇದ್ಯಾವ ಕಾಳು, ಹೇಳ್ರಿ ಸರ?" ಎಂದರು.

ಮುರಳೀಧರ ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದು ರಾಗಿನೇ ಅಲ್ವೇನಮ್ಮ," ಎಂದರು. "ಸ್ವಲ್ಪ ಸೀದಿದೆ ಅಷ್ಟೆ."

"ನವಣಿ ಐತ್ರಿ ಅದು!" ಎಂದು ಗುರವ್ವ ನಕ್ಕರು. "ನಿನ್ನಿ ಮತ್ತ ಹೊತ್ತಿ ಹೋತು. ಈ ಕರೆಂಟ್ ಒಲಿಗೆ ಉರೀನ ಕಾಣಂಗಿಲ್ಲ, ಹೆಂಗ ತಿಳೀಬೇಕು? ಸಿಪ್ಪಿ ಹೋಗಿ ಹೊತ್ತಿತಂದ್ರ ಎಲ್ಲಾ ಕಾಳೂ ಒಂದ ನಮೂನಿ ಕಾಣ್ತಾವ್ರಿ. ಮೊಳಕಿ ಒಡಿಯೋ ಜಾಗಾ ನೋಡ್ರಿ. ರಾಗೀದು ಚುಕ್ಕಿಯಷ್ಟ ಇರತದ, ನವಣೀದು ಉದ್ದ."

ಮುರಳೀಧರ ಅವರು ಎದ್ದು ಕಾರಿನತ್ತ ನಡೆದರು. ಮೈಕ್ರೋಸ್ಕೋಪು ಇಳಿಸಿ, ಮೇಜಿನ ಮೇಲಿಟ್ಟು, ಗುರವ್ವನ ಕಾಳಿನ ಪಕ್ಕ ತಮ್ಮ ಕಾಳುಗಳನ್ನು ಒಂದೊಂದಾಗಿ ಇಟ್ಟು ನೋಡುತ್ತಾ ಹೋದರು. ಹೀಗೆ ಒಂದೂವರೆ ಗಂಟೆ ಕಳೆಯಿತು. ಒಂಬತ್ತು ನವಣೆ. ಉಳಿದೆರಡು ಏನೆಂದು ಹೇಳಲಾಗದಷ್ಟು ಬಿರಿದಿದ್ದವು. ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. "ನಾನು ಅವತ್ತು ಹಾಗೆ ಮಾತಾಡಬಾರದಿತ್ತು, ಜ್ಯೋತ್ಸ್ನಾ," ಎಂದರು. "ನೀನು ಹೇಳಿದ್ದೇ ಸರಿ." ಗುರವ್ವ ಉಂಡೆಯ ತಟ್ಟೆ ಮುಂದಿಟ್ಟಾಗ ಎರಡು ತಿಂದು, ಸೀದ ಕಾಳನ್ನೂ ಒಂದು ಪೊಟ್ಟಣ ಕಟ್ಟಿಸಿಕೊಂಡರು.

ಅವರು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಜ್ಯೋತ್ಸ್ನಾ ಹೇಳಿಕೊಂಡು ತಿರುಗುವವಳಲ್ಲ. ಆದರೆ ನವೆಂಬರಿನ ಆ ಸಂಜೆ ಹ್ಯೂಸ್ಟನ್ನಿನ ಸಭಾಂಗಣದಲ್ಲಿ, ಆರಡಿ ಎತ್ತರದ ಥರ್ಮೊಕೋಲ್ ರಾಗಿ ತೆನೆಯ ಪಕ್ಕ ನಿಂತು, ಐನೂರು ಜನರೆದುರು ಅದೇ ಹಳೆಯ ಚಿತ್ರವನ್ನು ತೆರೆಯ ಮೇಲೆ ಹಾಕಿದರು. ನಾವು ಚಪ್ಪಾಳೆಗೆ ಕೈ ಎತ್ತಿದ್ದೆವು. ಅವರು ಬೇಡವೆಂದು ಸನ್ನೆ ಮಾಡಿದರು. "ಇದು ರಾಗಿ ಅಲ್ಲ," ಎಂದರು. "ಜ್ಯೋತ್ಸ್ನಾ ಕಂಡುಹಿಡಿದಳು. ನಾನು ಇಪ್ಪತ್ತೆರಡು ವರ್ಷ ಎಲ್ಲರಿಗೂ ತಪ್ಪು ಹೇಳ್ಬಿಟ್ಟೆ. ಈ ಕಾಳು ಸಿಕ್ಕ ಚಳಿಗಾಲ, ಊರಿಗೆ ಹೋಗಿ ಮೂರು ವರ್ಷ ಆಗಿತ್ತು, ಮನೇಲಿ ರಾಗಿ ಡಬ್ಬ ಖಾಲಿ. ನಾನು ಕಾಳು ನೋಡ್ಲೇ ಇಲ್ಲ, ನಮ್ಮಮ್ಮನ ಅಡುಗೆಮನೆ ನೋಡ್ದೆ. ಕ್ಷಮಿಸಬೇಕು."

ಫಲಕ ಹಿಡಿದು ಸಿದ್ಧರಾಗಿದ್ದ ಸಮಿತಿಯವರು ಅದನ್ನು ಬೆನ್ನ ಹಿಂದೆ ಸರಿಸಿದರು. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಗುರವ್ವನ ದನಿ ಕೇಳಿಸಿತು: "ನವಣೀನೂ ನಮ್ದ ಐತಲ್ರಿ ಸರ!" ಆಗ ಎದ್ದ ನಗುವೂ ಚಪ್ಪಾಳೆಯೂ ಅಡಗಲು ಬಹಳ ಹೊತ್ತು ಹಿಡಿಯಿತು. ಫಲಕವನ್ನು ಅವರು ಮುಟ್ಟಲಿಲ್ಲ, ಎ.ಸಿ. ಜೋರಾಗಿದೆಯೆಂದು ಶಾಲನ್ನು ಮಾತ್ರ ಹೊದ್ದುಕೊಂಡರು. ಮುಂದಿನ ವರ್ಷ ಪ್ರಕಟವಾದ ತಿದ್ದುಪಡಿಯ ಪ್ರಬಂಧದಲ್ಲಿ ಜ್ಯೋತ್ಸ್ನಾಳ ಹೆಸರು ಮೊದಲು, ಅವರದು ನಂತರ. ಕೃತಜ್ಞತೆ ಸಂದದ್ದು ಕೇಟಿಯ ಗುರವ್ವನವರಿಗೆ. ಆ ನಂತರದ ಎರಡು ವರ್ಷಗಳಲ್ಲಿ ಅವರ ಉಪನ್ಯಾಸಗಳಿಗೆ ಜನ ಇನ್ನೂ ಹೆಚ್ಚಾದರು. ತಮ್ಮಿಂದ ತಪ್ಪಾಯಿತೆಂದು ಇಷ್ಟು ಸಲೀಸಾಗಿ ಹೇಳಬಲ್ಲವರ ಬಾಯಲ್ಲಿ ಉಳಿದದ್ದನ್ನೆಲ್ಲ ನಂಬಬಹುದು ಎಂದು ನಮಗೆ ಅನ್ನಿಸಿತ್ತು.

ಬೂದಿಚೀಲಗಳಲ್ಲಿ ಅರವತ್ತು ಇನ್ನೂ ಬಾಕಿ ಇವೆ. ಅವೆಲ್ಲ ಇನ್ನು ಜ್ಯೋತ್ಸ್ನಾಳ ಪಾಲಿಗೆ. ನೆಲಮಾಳಿಗೆಯಿಂದ ಮುರಳೀಧರ ಅವರು ಮನೆಗೆ ಕೊಂಡೊಯ್ಯುತ್ತಿರುವುದು, ವಿಭಾಗದ ಅನುಮತಿ ಪಡೆದು, ಒಂದೇ ಒಂದು ಗಾಜಿನ ಶೀಶೆ. ಅದರ ಚೀಟಿಯ ಮೇಲೆ 'ರಾಗಿ' ಎಂಬುದನ್ನು ಹೊಡೆದುಹಾಕಿ, ಕೆಳಗೆ ಅವರದೇ ದುಂಡಕ್ಷರದಲ್ಲಿ 'ಎರಡು ಕಾಳು, ಗೊತ್ತಿಲ್ಲ' ಎಂದಿದೆ. ಅವೇನೆಂದು ತಿಳಿಯುವ ತನಕ ತಮಗೆ ನಿವೃತ್ತಿಯಿಲ್ಲ ಎನ್ನುತ್ತಾರೆ. ಪ್ರೇಮಾ ಅವರಿಗೆ ಕಾರಿನ ಮುಂದಿನ ಸೀಟು ದೊರೆಯಲಿ, ಮನೆಯ ರಾಗಿ ಡಬ್ಬ ಎಂದೂ ಬರಿದಾಗದಿರಲಿ, ಮೇಷ್ಟ್ರ ಕಣ್ಣು ಹೀಗೆಯೇ ಚುರುಕಾಗಿರಲಿ. ಆ ಎರಡು ಕಾಳಿನ ಹೆಸರು ಮಾತ್ರ ಅವರಿಗೆ ಇನ್ನೂ ಬಹಳ ವರ್ಷ ಸಿಗದಿರಲಿ ಎಂದು, ಅವರ ಕ್ಷಮೆ ಕೇಳಿ, ನಾವೆಲ್ಲ ದೇವರಲ್ಲಿ ಬೇಡಿಕೊಳ್ಳುತ್ತಿದ್ದೇವೆ.