ಅಪ್ಪ ಕಟ್ಟಿ ತಂದ ಪಂಚಮಿ ಉಂಡೆ

ಅವ್ವ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ನಾಗರ ಪಂಚಮಿ ಅದು. ನನ್ನ ತವರು ಜಗಳೂರು ಕಡೆಯ ಸೊಕ್ಕೆ, ಕೊಟ್ಟದ್ದು ನ್ಯಾಮತಿಗೆ. ಪ್ರತಿ ಪಂಚಮಿಗೂ ಅವ್ವ ತಾನೇ ಕಟ್ಟಿದ ಶೇಂಗಾ ಉಂಡೆ ತಂದು, ಮೊದಲನೆಯದನ್ನು ತನ್ನೆದುರೇ ನನಗೆ ತಿನ್ನಿಸಿ ಹೋಗುತ್ತಿದ್ದಳು. ಇನ್ನು ಉಂಡೆ ತರುವವರು ಯಾರು ಅಂದುಕೊಂಡಿದ್ದೆ.

ಆಗ ನನಗೆ ತೂಕ ಇಳಿಸುವ ಗೀಳು. ಸೊಪ್ಪು, ಕಷಾಯ ಅಂತ ಯಾರು ಏನು ಹೇಳಿದರೂ ಬಿಡುತ್ತಿರಲಿಲ್ಲ. ಕೊನೆಗೆ ಕುಂಡದಲ್ಲಿ ಮಧುನಾಶಿನಿ ಬಳ್ಳಿ ಹಬ್ಬಿಸಿದ್ದೆ. ಅದರ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ. ಡಾಕ್ಟರನ್ನು ಕೇಳಿದ್ದಕ್ಕೆ, "ಅದರಾಗಿರೋ ಅಂಶದ ಮೇಲೆ ಸಂಶೋಧನೆ ನಡದೈತಮ್ಮ, ಬೊಜ್ಜು ಕರಗ್ತೈತೆ ಅಂತ ಈಗಲೇ ಹೇಳಾಕಾಗಲ್ಲ" ಅಂದಿದ್ದರು. ನಾನು ಕೇಳಬೇಕಲ್ಲ! ಹಬ್ಬದ ದಿನ ಸಿಹಿಯ ಆಸೆ ಹುಟ್ಟಬಾರದೆಂದು ಬೆಳಿಗ್ಗೆಯೇ ಎಲೆ ಅಗಿದೆ.

ಬಾಯಿ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ! ಕೈಯಲ್ಲಿ ಸ್ಟೀಲ್ ಡಬ್ಬಿ.

"ನಾನೇ ಕಟ್ಟೀನಿ ಶೋಭಾ. ನಿಮ್ಮವ್ವನ ಹಂಗೆ ಆಗೈತೇನು ನೋಡು" ಎಂದು ಒಂದು ಉಂಡೆ ಕೈಗಿಟ್ಟರು. ಒಲೆ ಮುಂದೆ ಎಂದೂ ನಿಂತವರಲ್ಲ. ತೂಕದ ಚಿಂತೆ ಮರೆತು ಕಚ್ಚಿದೆ. ಶೇಂಗಾ ತಿಳಿಯಿತು, ಏಲಕ್ಕಿ ತಿಳಿಯಿತು, ಬೆಲ್ಲ ಮಾತ್ರ ನಾಪತ್ತೆ. ನನ್ನ ಮುಖ ನೋಡಿ ಅಪ್ಪನ ಮುಖ ಸಣ್ಣದಾಯಿತು.

"ಸೇರಲಿಲ್ಲೇನು?"

ಎಲೆಯ ವಿಷಯ ಹೇಳಿದೆ. ನಂಬದೆ ತಾವೂ ಒಂದು ಎಲೆ ಅಗಿದು, ಉಂಡೆ ಬಾಯಿಗೆ ಹಾಕಿಕೊಂಡರು.

"ಅಯ್ಯೋ, ಉಸುಕು ತಿಂದಂಗೈತಲ್ಲೇ! ಹಬ್ಬದ ದಿನ ಇಂಥ ಸೊಪ್ಪು ತಿಂತಾರೇನು?" ಎಂದು ನಕ್ಕುಬಿಟ್ಟರು. ಅವರ ನಗು ಕೇಳದೆ ಬಹಳ ದಿನವಾಗಿತ್ತು.

ರುಚಿ ಮರಳುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಅವ್ವ ಪಾಕ ಹೇಗೆ ನೋಡುತ್ತಿದ್ದಳು, ಬಿಸಿ ತಡೆಯದೆ ಕೈಯನ್ನು ಹೇಗೆ ಊದಿಕೊಳ್ಳುತ್ತಿದ್ದಳು ಎಂದು ಅಪ್ಪ ಹೇಳುತ್ತಲೇ ಇದ್ದರು. ಅವರು ಹೋಗಬೇಕಿದ್ದ ಬಸ್ಸು ಹೋಯಿತು.

ಆಮೇಲೆ ಮತ್ತೆ ಕಚ್ಚಿದೆ. ಸಿಹಿ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಅವ್ವನದಲ್ಲ. ಅಪ್ಪನೂ ಒಂದು ಚೂರು ತಿಂದು, "ಆಕಿ ಕೈ ಬರಲಿಲ್ಲ ಬಿಡು" ಎಂದರು.

"ಬರೋ ವರ್ಷ ಪಾಕ ಒಂಚೂರು ಎಳೇದಿರ್ಲಿ ಅಪ್ಪಾ" ಎಂದೆ. ಅಳು ಬಂತು, ತಡೆಯಲಿಲ್ಲ.

ಈಗಲೂ ಪ್ರತಿ ಪಂಚಮಿಗೆ ಅಪ್ಪ ಬರುತ್ತಾರೆ. ನನ್ನ ತೂಕ ಎಲ್ಲಿತ್ತೋ ಅಲ್ಲೇ ಇದೆ. ಮೊದಲ ಉಂಡೆಯನ್ನು ಇಬ್ಬರೂ ಒಟ್ಟಿಗೇ ಬಾಯಿಗಿಡುತ್ತೇವೆ. ಅವ್ವನ ಕೈಯ ಆ ರುಚಿ ಬಲ್ಲವರು ನಾವಿಬ್ಬರೇ ಉಳಿದಿದ್ದೇವೆ. ಸಿಗುವುದಿಲ್ಲವೆಂದು ಗೊತ್ತಿದ್ದೂ, ಈ ಸಲ ಸಿಕ್ಕೀತೇನೋ ಎಂದು ಮನಸ್ಸು ಕಾಯುತ್ತದೆ.