ಸೋಮವಾರ ಬಾ ಎನ್ನುವ ಕಿಟಕಿ

ಬೆಳಿಗ್ಗೆ ಆರೂಕಾಲು. ಶಾಲೆಯ ಗೇಟು ತೆರೆದಿದೆ, ತರಗತಿಗಳಿಗೆ ಇನ್ನೂ ಬೀಗ. ಕಚೇರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಕೂತ ಗುಮಾಸ್ತೆ ಮೊಹರಿನ ಪ್ಯಾಡಿಗೆ ನಾಲ್ಕು ಹನಿ ಶಾಯಿ ಬಿಟ್ಟು, ರಟ್ಟಿನ ಚೂರಿನಿಂದ ಸವರುತ್ತಿದ್ದಾರೆ. ಕಚೇರಿ ಶುರುವಾಗುವುದು ಎಂಟೂವರೆಗೆ. ಇಷ್ಟು ಬೇಗ ಬರಬೇಕೆಂದು ಇವರಿಗೆ ಯಾರೂ ಹೇಳಿಲ್ಲ, ಬಂದದ್ದಕ್ಕೆ ಯಾರೂ ಭೇಷ್ ಅಂದದ್ದೂ ಇಲ್ಲ.

ಬೇಗ ಬರುವುದಕ್ಕೆ ಕಾರಣ ಕಿಟಕಿಯ ಆಚೆ ನಿಂತಿದೆ. ಹದಿನೈದರ ಹುಡುಗಿ, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಮೇಲಿನ ಗಣಿತ ಬಿಟ್ಟು ಸಾದಾ ಗಣಿತಕ್ಕೆ ಹೋಗುತ್ತೇನೆ ಎಂಬ ಅರ್ಜಿ ಅದು. ಗೆಳತಿಯರು ಬರುವುದರೊಳಗೆ ಕೊಟ್ಟು ಕೈತೊಳೆದುಕೊಳ್ಳಬೇಕು ಅವಳಿಗೆ. ಈ ಅರ್ಜಿ ತರುವ ಮಕ್ಕಳೆಲ್ಲ ಹೀಗೇ, ಯಾರ ಕಣ್ಣಿಗೂ ಬೀಳದ ಹೊತ್ತು ನೋಡಿ ಬರುತ್ತಾರೆ. ಹಾಗಾಗಿ ಕಿಟಕಿಯೂ ಅದೇ ಹೊತ್ತಿಗೆ ತೆರೆಯುತ್ತದೆ.

"ಅಪ್ಪ ಸೈನ್ ಮಾಡಿದ್ದಾರಾ?"

"ಮಾಡಿದ್ದಾರೆ ಮೇಡಂ."

"ನಿದ್ದೆ ಬರುತ್ತಾ ನಿಂಗೆ?"

ಹುಡುಗಿ ಮಿಕಿಮಿಕಿ ನೋಡುತ್ತಾಳೆ. "ಬರುತ್ತೆ."

"ಊಟ ಸೇರುತ್ತಾ?"

"ಸೇರುತ್ತೆ ಮೇಡಂ."

ಗುಮಾಸ್ತೆ ಅರ್ಜಿಯನ್ನು ಡ್ರಾಯರಿಗೆ ಹಾಕುತ್ತಾರೆ. "ಇವತ್ತು ಆಗಲ್ಲಮ್ಮ. ಸೋಮವಾರ ಬಾ."

ಇವತ್ತು ಗುರುವಾರ. ಮೊಹರು ಮೇಜಿನ ಮೇಲೇ ಇದೆ, ಶಾಯಿಯೂ ಹಸಿಯಾಗಿದೆ, ಒತ್ತಿದರೆ ಕೆಲಸ ಮುಗಿಯಿತು. ಅದು ಹುಡುಗಿಗೂ ಕಾಣುತ್ತದೆ. ಮುಖ ಊದಿಸಿಕೊಂಡು ಹೋಗುತ್ತಾಳೆ.

ಮೂವತ್ತೊಂದು ವರ್ಷದಿಂದ ಈ ಪ್ರೌಢಶಾಲೆಯ ಕಿಟಕಿಯಲ್ಲಿ ಇದೇ ಮಾತು. ಮಕ್ಕಳು ಇವರಿಗೆ 'ಸೋಮವಾರದಮ್ಮ' ಎಂದು ಹೆಸರಿಟ್ಟಿದ್ದಾರೆ. ಪೋಷಕರು ಇಟ್ಟ ಹೆಸರುಗಳು ಇಷ್ಟು ಮರ್ಯಾದೆಯವಲ್ಲ. 'ಕೆಲಸಗಳ್ಳಿ' ಎಂಬ ಅರ್ಥ ಬರುವ ಲಿಖಿತ ದೂರುಗಳೇ ಹದಿನಾಲ್ಕು ಇವೆ. ಎರಡು ಸಲ ಬಡ್ತಿ ಕೈತಪ್ಪಿದೆ. ಯಾಕೆ ತಡ ಮಾಡುತ್ತೀರಿ ಎಂದು ಮೇಲಿನವರು ಕೇಳಿದಾಗಲೆಲ್ಲ ಇವರದು ಒಂದೇ ಉತ್ತರ, 'ಕೆಲಸ ಜಾಸ್ತಿ ಇತ್ತು ಸಾರ್.' ನಿಜ ಹೇಳುವ ಹಾಗಿಲ್ಲ, ಅರ್ಜಿ ಬಂದ ದಿನವೇ ಮೊಹರು ಬೀಳಬೇಕೆಂಬುದು ನಿಯಮ. ಈ ತಿಂಗಳ ಕೊನೆಗೆ ನಿವೃತ್ತಿ. ಅದಕ್ಕೇ ಈಗ ನಮ್ಮ ಹತ್ತಿರ ಬಾಯಿ ಬಿಟ್ಟಿದ್ದಾರೆ.

ಈ ಶಾಲೆಯಲ್ಲಿ ಗಣಿತಕ್ಕೆ ಎರಡು ದಾರಿ. ಮೇಲಿನದರಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಎಂದು ವರ್ಷ ವರ್ಷ ಒಂದೊಂದು ಮೆಟ್ಟಿಲು. ಕೊನೆಯದನ್ನು ಹತ್ತಿದವರಿಗೆ ಮಾತ್ರ ಮುಂದೆ ಎಂಜಿನಿಯರಿಂಗು, ವಿಜ್ಞಾನ, ಕಟ್ಟಡದ ನಕ್ಷೆ ಬರೆಯುವ ಕೋರ್ಸು. ಸಾದಾ ಗಣಿತದಲ್ಲಿ ಶೇಕಡಾ, ಸರಾಸರಿ, ಅಳತೆಗಳು. ಅದರಲ್ಲಿ ಕಡಿಮೆಯದೇನೂ ಇಲ್ಲ, ಆದರೆ ಅಲ್ಲಿಂದ ಮೇಲಿನ ದಾರಿಗೆ ಮತ್ತೆ ಬರಲಾಗುವುದಿಲ್ಲ. "ಇಳಿಯೋಕೆ ಫಾರಂ ಇದೆ. ಹತ್ತೋಕೆ ಫಾರಮ್ಮೇ ಇಲ್ಲ. ಯಾರೂ ಪ್ರಿಂಟ್ ಮಾಡ್ಸಿಲ್ಲ," ಎನ್ನುತ್ತಾರೆ ಇವರು.

ವರ್ಷಕ್ಕೆ ನಲವತ್ತರ ಆಸುಪಾಸು ಅರ್ಜಿ ಬರುತ್ತವೆ. ಮೇಷ್ಟ್ರು ಯಾವ ಪಾಠದಲ್ಲಿದ್ದಾರೆಂದು ಕಿಟಕಿಯಲ್ಲಿ ಕೂತೇ ಹೇಳಬಲ್ಲರು. "ಅಪವರ್ತನ ಶುರುವಾಯ್ತು ಅಂದ್ರೆ ವಾರಕ್ಕೆ ಆರೇಳು. ಆಮೇಲೆ ಸ್ವಲ್ಪ ತಣ್ಣಗಾಗುತ್ತೆ. ತ್ರಿಕೋನಮಿತಿಗೆ ಮತ್ತೆ ಕ್ಯೂ." ಸೋಮವಾರ ಬಾ ಎನ್ನಿಸಿಕೊಂಡವರಲ್ಲಿ ಅರ್ಧದಷ್ಟು ಮಕ್ಕಳು ಬರುವುದೇ ಇಲ್ಲ. ಎರಡು ದಿನದಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ, ಇಲ್ಲವೇ ತಾನಾಗಿ ತಲೆಗೆ ಹತ್ತಿರುತ್ತದೆ, ಇಲ್ಲವೇ ಈ ಕ್ಲರ್ಕಿನ ಸಹವಾಸವೇ ಬೇಡ ಅನ್ನಿಸಿರುತ್ತದೆ. ಅಂತೂ ಉಳಿದುಕೊಳ್ಳುತ್ತಾರೆ. "ಉಳ್ಕೊಂಡವರು ಥ್ಯಾಂಕ್ಸ್ ಹೇಳಲ್ಲ. ಅವರಿಗೆ ಗೊತ್ತೇ ಇಲ್ವಲ್ಲ! ಸೋಮವಾರ ಕಿಟಕಿ ಖಾಲಿ ಇದ್ರೆ ನಂಗೆ ಅದೇ ಖುಷಿ."

ಈ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ಇವರೂ ಹದಿನೈದರಲ್ಲಿ ಇಂಥದೇ ಕಿಟಕಿಯ ಮುಂದೆ ನಿಂತವರು. ಪರೀಕ್ಷೆಯಲ್ಲಿ ಐವತ್ತಕ್ಕೆ ಒಂಬತ್ತು. ಬಸ್ ಕಂಡಕ್ಟರಾಗಿದ್ದ ಅಪ್ಪ ಡ್ಯೂಟಿಗೆ ಹೋಗುವ ಅವಸರದಲ್ಲಿ ಸಹಿ ಹಾಕಿದರು. ಅಲ್ಲಿದ್ದ ಗುಮಾಸ್ತ ತಲೆ ಎತ್ತದೆ ಮೊಹರು ಒತ್ತಿದ. "ಮೂರನೇ ದಿನ ಬಟ್ಟೆ ಒಗೀತಾ ಇದ್ದೆ. ಆ ಲೆಕ್ಕ ಇದ್ದಕ್ಕಿದ್ದ ಹಾಗೆ ಹೊಳೀತು. ಸೋಪಿನ ಕೈಯಲ್ಲೇ ಒಗೆಯೋ ಕಲ್ಲಿನ ಮೇಲೆ ಬರ್ದು ನೋಡ್ದೆ, ಸರಿ ಬಂತು. ಆದ್ರೆ ಹೆಸರು ಆಗಲೇ ಸಾದಾ ಪಟ್ಟಿಗೆ ಹೋಗಿತ್ತು." ಕಟ್ಟಡದ ನಕ್ಷೆ ಬರೆಯಬೇಕೆಂದಿದ್ದ ಹುಡುಗಿ ಗುಮಾಸ್ತೆಯಾದರು. ಇದನ್ನು ಹೇಳುವಾಗ ಮೊಹರನ್ನು ಸುಮ್ಮನೆ ಅತ್ತ ಸರಿಸಿ ಇತ್ತ ಸರಿಸುತ್ತಾರೆ.

ಇವರ ಸೋಮವಾರ ಎಲ್ಲರಿಗೂ ಒಳ್ಳೆಯದು ಮಾಡಿಲ್ಲ. ಹನ್ನೆರಡು ವರ್ಷದ ಕೆಳಗೆ ಒಬ್ಬ ಹುಡುಗಿಯನ್ನು ಎರಡು ಸಲ ವಾಪಸ್ ಕಳಿಸಿದರು. ಆ ಮಗು ಅನ್ನ ನಿದ್ದೆ ಬಿಟ್ಟು ಒದ್ದಾಡುತ್ತಿದ್ದದ್ದು ಇವರಿಗೆ ತಿಳಿಯಲಿಲ್ಲ. ಮೂರನೇ ಸೋಮವಾರ ಅವಳು ಕಿಟಕಿಗೆ ಬರಲಿಲ್ಲ, ಶಾಲೆಗೂ ಬರಲಿಲ್ಲ. ಈಗ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಇವರು ರವಿಕೆಯ ಬಟ್ಟೆಗೆ ಅಲ್ಲಿಗೇ ಹೋಗುತ್ತಾರೆ. "ಅವಳು ನಗ್ತಾ ಮಾತಾಡಿಸ್ತಾಳೆ. ನಾನು ಚೌಕಾಸಿ ಮಾಡಲ್ಲ, ಹೇಳಿದಷ್ಟು ಕೊಟ್ಟು ಬರ್ತೀನಿ." ನಿದ್ದೆ, ಊಟದ ಆ ಎರಡು ಪ್ರಶ್ನೆ ಶುರುವಾದದ್ದು ಅಂದಿನಿಂದ. ಯಾವ ಮಗು 'ಇಲ್ಲ' ಎನ್ನುತ್ತದೋ ಅದರ ಅರ್ಜಿಗೆ ನಿಂತ ಕಾಲಲ್ಲೇ ಮೊಹರು.

ಈ ವರ್ಷದಿಂದ ಇನ್ನೊಂದು ವ್ಯವಸ್ಥೆ ಬಂದಿದೆ. ಪೋಷಕರು ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಒತ್ತಿದರೆ ಹೆಸರು ತಾನೇ ಸಾದಾ ಪಟ್ಟಿಗೆ ಹೋಗುತ್ತದೆ, ನಡುವೆ ಯಾರೂ ಇಲ್ಲ. ಈ ತಿಂಗಳು ಕಿಟಕಿಯೂ ಇದೆ, ಮೊಬೈಲೂ ಇದೆ. ಮುಂದಿನ ತಿಂಗಳಿಂದ ಕಿಟಕಿ ಮುಚ್ಚುತ್ತದೆ. ಮೊಬೈಲಿನಲ್ಲಿ ಮೂರು ದಿನ ತಡೆದು ಇನ್ನೊಮ್ಮೆ ಕೇಳುವ ಹಾಗೆ ಮಾಡಿ ಎಂದು ಇವರು ಮುಖ್ಯೋಪಾಧ್ಯಾಯರ ಹತ್ತಿರ ಹೇಳಿ ನೋಡಿದರು. "ತಡ ಆಗ್ಬಾರ್ದು ಅಂತಲೇ ಅಲ್ವೇನ್ರೀ ಇದನ್ನ ತಂದಿರೋದು!" ಎಂದು ಅವರು ನಕ್ಕರು.

ಸೋಮವಾರ. ಆರೂ ಇಪ್ಪತ್ತಕ್ಕೇ ಹುಡುಗಿ ಹಾಜರು. ಈ ಸಲ ಅವಳ ಕೈಯಲ್ಲಿ ಲೆಕ್ಕದ ಪುಸ್ತಕವಿದೆ.

"ಮೇಡಂ, ಆ ಫಾರಂ ವಾಪಸ್ ಕೊಡ್ತೀರಾ? ನಾನು ಮೇಲಿನದ್ರಲ್ಲೇ ಇರ್ತೀನಿ. ಅತ್ತೆ ಮಗಳು ಹೇಳ್ಕೊಟ್ಳು. ಹತ್ತರಲ್ಲಿ ಏಳು ಸರಿ ಬಂತು."

ಗುಮಾಸ್ತೆಯ ಮುಖ ಅರಳುತ್ತದೆ. ಅರ್ಜಿ ತೆಗೆದು ಕೊಡುತ್ತಾರೆ. ಹುಡುಗಿ ಅಲ್ಲೇ ಹರಿದು ಬುಟ್ಟಿಗೆ ಹಾಕುತ್ತಾಳೆ. ಯಾವುದಕ್ಕೂ ಇರಲಿ ಎಂದು ಗುಮಾಸ್ತೆ ಕಂಪ್ಯೂಟರಿನಲ್ಲಿ ಪಟ್ಟಿ ತೆರೆಯುತ್ತಾರೆ. ಮೇಲಿನ ಗಣಿತದ ಪಟ್ಟಿಯಲ್ಲಿ ಹುಡುಗಿಯ ಹೆಸರಿಲ್ಲ. ಸಾದಾ ಗಣಿತದ ಪಟ್ಟಿಯ ಕೊನೆಯಲ್ಲಿದೆ. ಮಗಳನ್ನು ಅಲೆದಾಡಿಸುತ್ತಾರೆಂದು ಸಿಟ್ಟಾದ ಅಪ್ಪ, ಅವಳಿಗೂ ಹೇಳದೆ, ಶನಿವಾರ ಸಂಜೆ ಮೊಬೈಲಿನಲ್ಲಿ ಒತ್ತಿಬಿಟ್ಟಿದ್ದಾನೆ. ಪಾಪ, ಅವನು ಮಾಡಿದ್ದೂ ಮಗಳ ಮೇಲಿನ ಅಕ್ಕರೆಯಿಂದಲೇ.

"ನಾನು ಅವತ್ತೇ ಮೊಹರು ಒತ್ತಿದ್ದಿದ್ರೂ ಇದೇ ಆಗ್ತಿತ್ತು, ಒತ್ತದೇ ಇದ್ದಿದ್ದಕ್ಕೂ ಇದೇ ಆಯ್ತು," ಎಂದು ಗುಮಾಸ್ತೆ ಯಾರಿಗೂ ಅಲ್ಲದಂತೆ ಹೇಳಿಕೊಳ್ಳುತ್ತಾರೆ. ಹುಡುಗಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ಅವಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾಳೆ.

ಅವತ್ತೇ ಗುಮಾಸ್ತೆ ಒಂದು ಬಿಳಿ ಹಾಳೆ ತೆಗೆದುಕೊಂಡು ಮುಖ್ಯೋಪಾಧ್ಯಾಯರಿಗೆ ಬರೆದರು. ಅರ್ಜಿಯನ್ನು ಬೇಕೆಂದೇ ಇಟ್ಟುಕೊಂಡಿದ್ದೆ, ವಿದ್ಯಾರ್ಥಿನಿ ಅದನ್ನು ಹಿಂಪಡೆದಿದ್ದಾಳೆ, ತಡದ ತಪ್ಪು ಪೂರ್ತಿ ನನ್ನದು, ಮಗುವಿನ ಹೆಸರನ್ನು ಮೊದಲಿನ ಪಟ್ಟಿಗೆ ಸೇರಿಸಬೇಕು. ಹದಿನಾಲ್ಕು ದೂರಿಗೂ ಬಾಯಿ ಬಿಡದವರು ತಾವಾಗಿ ಬರೆದುಕೊಟ್ಟ ತಪ್ಪೊಪ್ಪಿಗೆ ಇದು. ಅದರ ಫಲವಾಗಿ ಸಿಕ್ಕಿದ್ದು ಕಾರಣ ಕೇಳಿ ಒಂದು ನೋಟಿಸು, ಮೂರು ದಿನದೊಳಗೆ ಉತ್ತರಿಸಬೇಕು ಎಂದು. ಇವರು ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟರು. ಅಪ್ಪನೂ ಓಡಿ ಬಂದು, ತಪ್ಪಾಯಿತು ಎಂದು ಕೈಮುಗಿದ. ಪಟ್ಟಿ ಬದಲಾಗಲಿಲ್ಲ. ಅದನ್ನು ಹಿಂದಕ್ಕೆ ತರುವ ಗುಂಡಿ ಕಂಪ್ಯೂಟರಿನಲ್ಲಿ ಇಲ್ಲವಂತೆ.

ಈಗ ಗಣಿತದ ಪೀರಿಯಡ್ಡಿಗೆ ಆ ಹುಡುಗಿ ಕಚೇರಿಯ ಮುಂದಿನಿಂದಲೇ ಸಾದಾ ಗಣಿತದ ಕೋಣೆಗೆ ಹೋಗುತ್ತಾಳೆ. ಕಿಟಕಿಯ ಕಡೆ ತಿರುಗಿ ನಗಲು ನೋಡುತ್ತಾಳೆ. ಗುಮಾಸ್ತೆಯೂ ನಗಲು ನೋಡುತ್ತಾರೆ. ನಿವೃತ್ತಿಗೆ ಹನ್ನೊಂದು ದಿನ ಉಳಿದಿದೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಮೊಹರಿನ ಪ್ಯಾಡಿನ ಮುಚ್ಚಳ ಹಾಕಿ ಹೇಳುತ್ತಾರೆ:

"ಇಷ್ಟು ವರ್ಷದಲ್ಲಿ ಮೊದಲನೇ ಸಲ ಒಂದು ಮಗು ಬಂದು, ನಾನು ಇರ್ತೀನಿ ಮೇಡಂ ಅಂತ ನನ್ನ ಮುಖಕ್ಕೇ ಹೇಳ್ತು. ಅದನ್ನ ಕೇಳಿದೆನಲ್ಲ, ಸಾಕು ಅಂದ್ಕೋಬೇಕು." ಮತ್ತೆ ತಲೆ ಅಲ್ಲಾಡಿಸುತ್ತಾರೆ. "ಸಾಕಾಗ್ತಾ ಇಲ್ಲ."